ಹೆದ್ದಾರಿಯ ಕಾರು, ಘಟ್ಟದ ಕಾರು: ಸ್ಟುಟ್‌ಗಾರ್ಟಿನ ಒಂದು ಮನೆಯ ಪ್ರಕರಣ

2024ರ ಫೆಬ್ರವರಿಯ ಒಂದು ಭಾನುವಾರ ಸಂಜೆ ಹುಬ್ಬಳ್ಳಿ ಮೂಲದ ಗೆಳೆಯನೊಬ್ಬ ಹೆಂಡತಿಯ ಜೊತೆ ಜರ್ಮನಿಯ ನಮ್ಮ ಮನೆಗೆ ಬಂದ. ಚಹಾ ಬರುವ ಮೊದಲೇ ಎರಡು ಬೆಲೆಪಟ್ಟಿಗಳನ್ನು ಮೇಜಿನ ಮೇಲೆ ಹರಡಿದ. ಒಂದು ಬಿಎಂಡಬ್ಲ್ಯೂ ಎಂ3 ಟೂರಿಂಗ್‌ನದು, ಇನ್ನೊಂದು ಪೋರ್ಷೆ 718 ಕೇಮನ್ ಜಿಟಿಎಸ್ 4.0ರದು. "ಅಣ್ಣಾ, ಎರಡರಾಗ ಒಂದು ಹೇಳ್ರಿ. ನಮಗ ಮೂರು ತಿಂಗಳಿಂದ ನಿದ್ದಿ ಇಲ್ಲ" ಅಂದ.

ನಾನು ಇಲ್ಲಿ ಕಾರಿನ ಬ್ರೇಕ್ ವಿಭಾಗದಲ್ಲಿ ಕೆಲಸ ಮಾಡುವವನು. ಸ್ಟುಟ್‌ಗಾರ್ಟಿನ ಸುತ್ತಮುತ್ತ ಇರುವ ನಮ್ಮವರಲ್ಲಿ ಕಾರು ಕೊಳ್ಳುವವರು ಒಮ್ಮೆ ನನ್ನನ್ನು ಕೇಳಿಯೇ ಮುಂದೆ ಹೋಗುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಮುಗಿಯುವ ಮಾತು ಅದು. ಈ ಪ್ರಕರಣ ಮಾತ್ರ ಜೂನ್‌ವರೆಗೆ ಎಳೆಯಿತು. ಆಮೇಲೆ ಇದೇ ಪ್ರಶ್ನೆಯನ್ನು ಇನ್ನೂ ಮೂರು ಮನೆಯವರು ನನ್ನ ಮುಂದೆ ಇಟ್ಟದ್ದರಿಂದ, ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತಿದ್ದೇನೆ.

ಗಂಡ ಹೆಂಡತಿ ಇಬ್ಬರೂ ಎಂಜಿನಿಯರುಗಳು. ಬ್ಯೋಬ್ಲಿಂಗನ್‌ನಲ್ಲಿ ಅಪಾರ್ಟ್‌ಮೆಂಟ್, ಅದರ ನೆಲಮಾಳಿಗೆಯಲ್ಲಿ ಒಂದೇ ಒಂದು ಪಾರ್ಕಿಂಗ್ ಜಾಗ. ಆರು ವರ್ಷದ ಮಗ. ಹನ್ನೊಂದು ವರ್ಷ ಓಡಿಸಿದ ಹಳೆಯ ಗಾಲ್ಫ್ ಕಾರು ಬದಲಾಗಬೇಕಿತ್ತು. ಗಂಡನ ತಾಯಿ ಪ್ರತಿ ಬೇಸಿಗೆಗೆ ವೀಸಾದ 90 ದಿನ ಮುಗಿಯುವವರೆಗೆ ಇಲ್ಲಿರುತ್ತಾರೆ. ಅವರಿಗೆ ಮೊಣಕಾಲು ನೋವು. ಹಣದ ವಿಷಯದಲ್ಲಿ, ಒಂದು ಲಕ್ಷ ಯೂರೋದವರೆಗೆ ಹೋಗಬಹುದು ಎಂದು ಇಬ್ಬರೂ ಒಪ್ಪಿದ್ದರು. ಅಷ್ಟು ಯಾಕೆ ಎಂದು ನಾನು ಕೇಳಲಿಲ್ಲ. ಹದಿನೈದು ವರ್ಷ ದುಡಿದು ಒಂದು ಆಸೆ ತೀರಿಸಿಕೊಳ್ಳಲು ಹೊರಟವರಿಗೆ ಆ ಪ್ರಶ್ನೆ ಸಲ್ಲದು.

ಅವನ ಮನಸ್ಸು ಎಂ3 ಟೂರಿಂಗ್ ಕಡೆ ಇದೆ ಎಂದು ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಯಿತು. ಕೇಮನ್ ಆಕೆಯದು ಎಂದು ತಿಳಿಯಲು ಇನ್ನೂ ಒಂದು ಗಂಟೆ ಬೇಕಾಯಿತು. ಸ್ಪೋರ್ಟ್ಸ್ ಕಾರಿನ ಹುಚ್ಚು ಗಂಡನದು, ಮನೆಗೆ ಒಪ್ಪುವ ಕಾರು ಹೆಂಡತಿಯದು ಎಂದು ನಾನೂ ಎಲ್ಲರಂತೆ ಎಣಿಸಿದ್ದೆ. ಅದು ತಪ್ಪಾಗಿತ್ತು.

ಕಾಗದದ ಮೇಲೆ

ಎಂ3 ಟೂರಿಂಗ್ ಎಂದರೆ ಎಂ3 ಸೆಡಾನಿಗೆ ಉದ್ದನೆಯ ಚಾವಣಿ, ದೊಡ್ಡ ಡಿಕ್ಕಿ ಕೂಡಿಸಿದ ವ್ಯಾಗನ್. ಬಿಎಂಡಬ್ಲ್ಯೂ 2000ರಲ್ಲೇ ಇಂಥದೊಂದು ಮಾದರಿ ಕಾರನ್ನು ಮಾಡಿ ನೋಡಿತ್ತು. ಆದರೆ ಮಾರಾಟಕ್ಕೆ ತರಲಿಲ್ಲ. ಕೊನೆಗೆ 2022ರಲ್ಲಿ ತಂದಿತು. ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್, ಅದಕ್ಕೆ ಗಾಳಿ ಒತ್ತಿ ತುಂಬುವ ಎರಡು ಟರ್ಬೊ, 510 ಪಿಎಸ್ (ಅಶ್ವಶಕ್ತಿ), 650 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ನಾಲ್ಕೂ ಚಕ್ರಕ್ಕೆ ಶಕ್ತಿ, ಆಟೋಮ್ಯಾಟಿಕ್ ಗೇರು, ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರಿಗೆ 3.6 ಸೆಕೆಂಡು. ಡಿಕ್ಕಿ 500 ಲೀಟರ್. ಹಿಂದಿನ ಸೀಟು ಮಡಚಿದರೆ 1,510 ಲೀಟರ್. ಅದು ಬಂದ ವರ್ಷವೇ ನ್ಯೂರ್ಬರ್ಗ್‌ರಿಂಗ್ ರೇಸ್ ಪಥದ 20.8 ಕಿಲೋಮೀಟರ್ ಸುತ್ತನ್ನು 7 ನಿಮಿಷ 35 ಸೆಕೆಂಡಿನಲ್ಲಿ ಮುಗಿಸಿತು. ಖಾಲಿ ತೂಕ 1,865 ಕಿಲೋ.

ಕೇಮನ್ ಜಿಟಿಎಸ್ 4.0 ಎರಡೇ ಸೀಟಿನ ಕಾರು. ಟರ್ಬೊ ಇಲ್ಲದ ನಾಲ್ಕು ಲೀಟರಿನ ಆರು ಸಿಲಿಂಡರ್ ಎಂಜಿನ್ ಕೂತವರ ಬೆನ್ನ ಹಿಂದೆ, ಹಿಂದಿನ ಚಕ್ರಗಳಿಗಿಂತ ಮುಂದೆ ಇದೆ. 400 ಪಿಎಸ್, 7,800 ಆರ್‌ಪಿಎಂವರೆಗೆ (ನಿಮಿಷಕ್ಕೆ ಅಷ್ಟು ಸುತ್ತು) ಎಳೆಯುವ ಎಂಜಿನ್, ಕೈಯಿಂದ ಹಾಕುವ ಆರು ಗೇರು, ನೂರಕ್ಕೆ 4.5 ಸೆಕೆಂಡು. ತೂಕ 1,405 ಕಿಲೋ.

ಗೆಳೆಯ ಇವೆರಡರ ಪಿಕಪ್ ಹೋಲಿಸಿ ಎಂ3 ಗೆದ್ದಿತು ಎಂದು ಬರೆದುಕೊಂಡಿದ್ದ. ಒಂದು ಟನ್ನಿಗೆ ಎಷ್ಟು ಶಕ್ತಿ ಎಂದು ಲೆಕ್ಕ ಹಾಕಲು ಹೇಳಿದೆ. ಎಂ3ಗೆ 273 ಪಿಎಸ್, ಕೇಮನ್‌ಗೆ 285. ಹೆಚ್ಚು ಕಡಿಮೆ ಒಂದೇ. ಸೊನ್ನೆಯಿಂದ ನೂರಕ್ಕೆ ಎಂ3 ಮುಂದಿರುವುದು ನಾಲ್ಕು ಚಕ್ರದ ಹಿಡಿತ, ತಾನಾಗಿ ಬೀಳುವ ಗೇರು ಮತ್ತು ಟರ್ಬೊದ ಟಾರ್ಕಿನಿಂದ. ಸಿಗ್ನಲ್ ಬಿಟ್ಟ ಮೇಲಿನ ಆ ಒಂದು ಸೆಕೆಂಡಿಗಾಗಿ ಯಾರೂ ಒಂದು ಲಕ್ಷ ಯೂರೋ ಕೊಡಬೇಕಾಗಿಲ್ಲ.

ನನ್ನ ಕೆಲಸದ ಕಡೆಯಿಂದ ಒಂದು ಲೆಕ್ಕ ನಾನೇ ಹಾಕಿ ತೋರಿಸಿದೆ. ಚಾಲಕನೊಬ್ಬನನ್ನು ಕೂರಿಸಿಕೊಂಡು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕೇಮನ್ ನಿಲ್ಲಬೇಕಾದರೆ ಬ್ರೇಕುಗಳು ಸುಮಾರು 23 ಲಕ್ಷ ಜೂಲ್ ಶಾಖ ನುಂಗಬೇಕು. ಎಂ3 ಟೂರಿಂಗ್‌ನಲ್ಲಿ ಅದು 30 ಲಕ್ಷ. 30 ಲಕ್ಷ ಜೂಲ್ ಎಂದರೆ ಒಂಬತ್ತು ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ, ಒಂದೇ ಸಲದ ಬ್ರೇಕಿನಲ್ಲಿ. ಕಾರು ನಿಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. ಬಿಎಂಡಬ್ಲ್ಯೂ ಬ್ರೇಕು ಅದಕ್ಕೆ ತಕ್ಕಂತೆಯೇ ಇದೆ. ಆದರೆ ಡಿಸ್ಕು, ಪ್ಯಾಡು, ಟೈರು ಎಲ್ಲವೂ ಆ ಭಾರಕ್ಕೆ ತಕ್ಕಂತೆ ದೊಡ್ಡದಾಗುತ್ತವೆ, ಸವೆಯುತ್ತವೆ, ಬಿಲ್ಲೂ ಹಾಗೆಯೇ ಬರುತ್ತದೆ. ಎಂ3 ಹಿಂದೆ 285 ಮಿಲಿಮೀಟರ್ ಅಗಲದ ಟೈರು ತೊಡುತ್ತದೆ. ಇಲ್ಲಿ ಹಿಮ ಬಿದ್ದಾಗ ಚಳಿಗಾಲದ ಟೈರು ಕಡ್ಡಾಯವಾದ್ದರಿಂದ, ಅಷ್ಟೇ ಅಗಲದ ಇನ್ನೊಂದು ಜೊತೆ ಟೈರು ನೆಲಮಾಳಿಗೆಯಲ್ಲಿ ಕಾದಿರಬೇಕು.

ಭಾರ ಎಷ್ಟಿದೆ ಎನ್ನುವಷ್ಟೇ ಮುಖ್ಯ, ಅದು ಎಲ್ಲಿದೆ ಎನ್ನುವುದು. ಹೆಗಲ ಮೇಲೆ ಕಾವಡಿ ಹೊತ್ತವನು ಗಕ್ಕನೆ ತಿರುಗಲಾರ. ಎರಡು ತುದಿಯ ಕೊಡಗಳು ಅವನನ್ನು ಹಿಂದಕ್ಕೆ ಎಳೆಯುತ್ತವೆ. ಅಷ್ಟೇ ನೀರನ್ನು ಸೊಂಟದ ಮೇಲೆ ಇಟ್ಟುಕೊಂಡವರು ಇಕ್ಕಟ್ಟಿನ ಓಣಿಯಲ್ಲೂ ಸಲೀಸಾಗಿ ತಿರುಗುತ್ತಾರೆ. ಎಂಜಿನ್ ನಡುವೆ ಇರುವ ಕೇಮನ್ ಸೊಂಟದ ಕೊಡ. ಎಂ3 ಟೂರಿಂಗ್, ಮುಂದೆ ಎಂಜಿನ್ ಹಿಂದೆ ಡಿಕ್ಕಿ ಇಟ್ಟುಕೊಂಡ ಕಾವಡಿ. ಬಹಳ ಬಲಶಾಲಿಯಾದ, ಬಹಳ ತರಬೇತಾದ ಮನುಷ್ಯ ಹೊತ್ತ ಕಾವಡಿ ಎನ್ನಬೇಕು, ಯಾಕೆಂದರೆ ಅದನ್ನು ತಿರುಗಿಸುವ ರೀತಿ ನೋಡಿದರೆ ನನ್ನಂಥವನಿಗೂ ಬೆರಗಾಗುತ್ತದೆ.

ಗೆಳೆಯ ಆಗ ಒಂದು ಮಾತು ಹೇಳಿದ: "ಅಂದ್ರ ವ್ಯಾಗನ್ನು ಸ್ಪೋರ್ಟ್ಸ್ ಕಾರಿನ ವೇಷ ಅಷ್ಟ ಏನ್ರಿ?" ಅಲ್ಲ. ಈ ಜಾತಿಯ ಕಾರುಗಳಿಗೆ ದೊಡ್ಡ ವಂಶವಿದೆ, ಅದರ ಎರಡು ಬೇರುಗಳು ನಮ್ಮ ಊರಲ್ಲೇ ಇವೆ. 1990ರ ದಶಕದ ಮೊದಲರ್ಧದಲ್ಲಿ ಮರ್ಸಿಡಿಸ್ 500 ಇ ಸೆಡಾನ್ ಕಾರಿನ ಜೋಡಣೆ ನಡೆದದ್ದು ಸ್ಟುಟ್‌ಗಾರ್ಟಿನದೇ ಭಾಗವಾದ, ಪೋರ್ಷೆಯ ನೆಲೆಯಾದ ಜುಫನ್‌ಹೌಸನ್‌ನಲ್ಲಿ. ಚಕ್ರಗಳ ಮೇಲಿನ ರೆಕ್ಕೆಗಳನ್ನು ಅಗಲ ಮಾಡಿದ್ದರಿಂದ ಅದು ಮರ್ಸಿಡಿಸ್‌ನ ಸಾಮಾನ್ಯ ಜೋಡಣೆ ಸಾಲಿನಲ್ಲಿ ಹಿಡಿಸುತ್ತಿರಲಿಲ್ಲ. ಆಮೇಲೆ 1994ರಲ್ಲಿ ಅದೇ ಜಾಗದಿಂದ ಔಡಿ ಆರ್‌ಎಸ್2 ಅವಾಂಟ್ ಬಂತು. 315 ಪಿಎಸ್‌ನ ವ್ಯಾಗನ್. ಬ್ರೇಕು, ಚಕ್ರ, ಕನ್ನಡಿ ಪೋರ್ಷೆಯವು. ಸ್ಪೋರ್ಟ್ಸ್ ಕಾರು ಮಾಡುವವರೇ ಕೈ ಹಾಕಿ ಹುಟ್ಟಿಸಿದ ವ್ಯಾಗನ್ ಅದು. ಹಾಗಾಗಿ ಇವೆರಡರ ನಡುವೆ ಒಂದು ಅಸಲಿ, ಇನ್ನೊಂದು ನಕಲಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಆಸೆ ಹುಟ್ಟಿದ ಜಾಗ

ಕಾಗದ ಬದಿಗಿಟ್ಟು, ಕಾರಿನ ಆಸೆ ಯಾವಾಗಿನಿಂದ ಎಂದು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಪ್ರಕರಣದ ಗಂಟು ಅಲ್ಲಿತ್ತು.

ಅವನದು 2004ರಿಂದ. ಆ ವರ್ಷ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಭಾರತಕ್ಕೆ ಬಂತು. 1.8 ಲೀಟರಿನ ಟರ್ಬೊ ಪೆಟ್ರೋಲ್, 150 ಪಿಎಸ್. ಇಂದಿನ ಕಣ್ಣಿಗೆ ಅದು ಸಾಮಾನ್ಯ, ಅಂದಿನ ನಮ್ಮ ರಸ್ತೆಗಳಲ್ಲಿ ಅದೊಂದು ಸುದ್ದಿ. ಸೋದರಮಾವನ ಸ್ನೇಹಿತರೊಬ್ಬರು ಅದನ್ನು ಕೊಂಡಿದ್ದರು. ಇಂಜಿನಿಯರಿಂಗ್ ಓದುತ್ತಿದ್ದ ಇವನನ್ನು ಒಮ್ಮೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಕರೆದೊಯ್ದರು. ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದು ಹೊರಟ ಮೇಲೆ ಹೊಸ ನಾಲ್ಕು ಪಥದ ಹೆದ್ದಾರಿ ತೆರೆದುಕೊಂಡಿತು. ಎದುರಿನ ಲಾರಿಗಳು ಒಂದೊಂದಾಗಿ ಹಿಂದೆ ಸರಿದವು, ಕಾರಿನೊಳಗೆ ಎಸಿ ತಣ್ಣಗೆ ಬೀಸುತ್ತಿತ್ತು, ಯಾರೂ ಗಟ್ಟಿಯಾಗಿ ಮಾತಾಡುವ ಅಗತ್ಯವಿರಲಿಲ್ಲ. ವೇಗ ಎಂದರೆ ಅವನಿಗೆ ಅದು. ಮನೆಮಂದಿಯೆಲ್ಲ ಒಳಗೆ ಕೂತಿರಬೇಕು, ದೂರ ಕರಗಬೇಕು.

ಆಕೆ ಶಿರಸಿಯವಳು. ಹದಿನೆಂಟಕ್ಕೆ ಅಪ್ಪನ ಮಾರುತಿ 800ರಲ್ಲಿ ಕಲಿತದ್ದು. ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟವೇ ಪಾಠಶಾಲೆ. "ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ" ಎಂದು ಅಪ್ಪ ಪಕ್ಕದಲ್ಲಿ ಕೂತು ಹೇಳುತ್ತಿದ್ದರಂತೆ. ಆ ಕಾರು 650 ಕಿಲೋ ಆಸುಪಾಸು. ಪವರ್ ಸ್ಟೀರಿಂಗ್ ಇಲ್ಲ. ಮಳೆಗಾಲದ ಮಂಜಿನಲ್ಲಿ ತಿರುವಿಗೆ ಮುಂಚೆ ಹಾರ್ನ್ ಹಾಕಿ, ಬ್ರೇಕ್ ಬಿಟ್ಟು, ಎರಡನೇ ಗೇರಿನಲ್ಲಿ ಎಂಜಿನ್ ಕೂಗುವುದನ್ನು ಕೇಳುತ್ತಾ ಇಳಿಯಬೇಕು. ಟೈರು ಯಾವಾಗ ಜಾರುತ್ತದೆ ಎಂಬುದು ಕೈಗೆ ಮೊದಲೇ ತಿಳಿಯುತ್ತಿತ್ತು ಎಂದಳು. "ಅಣ್ಣ, ಇಲ್ಲಿಗೆ ಬಂದ ಮೇಲೆ ಹನ್ನೆರಡು ವರ್ಷದಲ್ಲಿ ಒಂದು ದಿನವೂ ಕಾರು ಓಡಿಸಿದೆ ಅನ್ನಿಸಿಲ್ಲ. ಕೂತೆ, ಅದು ಹೋಯ್ತು, ಅಷ್ಟೆ."

ಅವನು ಹೆದ್ದಾರಿಯ ಮನುಷ್ಯ, ಆಕೆ ಘಟ್ಟದವಳು. ಇಬ್ಬರೂ ವೇಗದ ಕಾರು ಎಂಬ ಒಂದೇ ಪದ ಬಳಸುತ್ತಿದ್ದರು. ಅದರ ಅರ್ಥ ಮಾತ್ರ ಒಂದೇ ಇರಲಿಲ್ಲ. ಮೂರು ತಿಂಗಳು ನಿದ್ದೆ ಕೆಟ್ಟದ್ದು ಆದ್ದರಿಂದಲೇ.

ಇಬ್ಬರಿಗೂ ಒಂದು ಕೆಲಸ ಕೊಟ್ಟೆ. ಒಂದು ತಿಂಗಳು ಗಾಲ್ಫ್ ಹೊರಗೆ ಹೋದಾಗಲೆಲ್ಲ ಪುಸ್ತಕದಲ್ಲಿ ಬರೆಯಿರಿ: ಯಾರು ಓಡಿಸಿದರು, ಯಾರು ಕೂತಿದ್ದರು, ಯಾವ ರಸ್ತೆ, ಎಷ್ಟು ದೂರ. ಮಾರ್ಚ್ ಕೊನೆಗೆ ಪುಸ್ತಕ ಬಂತು. ಒಟ್ಟು 1,140 ಕಿಲೋಮೀಟರ್. ಅದರಲ್ಲಿ 600ಕ್ಕೂ ಹೆಚ್ಚು ಕಚೇರಿ, ಶಾಲೆ, ಈಜಿನ ತರಗತಿ, ಇಂಡಿಯನ್ ಅಂಗಡಿ. ಕುಟುಂಬವಿಡೀ ಕೂತು ಊರು ಬಿಟ್ಟು ಹೋದದ್ದು ಎರಡು ಸಲ. ಅವನು ಒಬ್ಬನೇ ವೇಗಮಿತಿ ಇಲ್ಲದ ಆಟೋಬಾನ್‌ನಲ್ಲಿ (ಇಲ್ಲಿನ ಹೆದ್ದಾರಿ) ಓಡಿಸಿದ್ದು ಒಟ್ಟು 70 ಕಿಲೋಮೀಟರ್. ಆಕೆ ಒಬ್ಬಳೇ ಹಳ್ಳಿ ರಸ್ತೆಯಲ್ಲಿ ಓಡಿಸಿದ್ದು 160. ಬ್ಯೋಬ್ಲಿಂಗನ್‌ನಿಂದ ಕಚೇರಿಗೆ ನೇರ ದಾರಿ ಬಿಟ್ಟು, ಕಾಡಿನ ನಡುವಿನ ಸುತ್ತುದಾರಿ ಹಿಡಿದು ಹೋಗುತ್ತಿದ್ದಳು. ಗಂಡನಿಗೆ ಅದು ಆ ಪುಸ್ತಕ ನೋಡಿದ ಮೇಲೆಯೇ ಗೊತ್ತಾದದ್ದು.

ಎಂ3 ಟೂರಿಂಗ್ ಜೊತೆ ಒಂದು ದಿನ

ಏಪ್ರಿಲ್ ಮಧ್ಯದಲ್ಲಿ ಗೆಳೆಯನ ಅವ್ವ ಹುಬ್ಬಳ್ಳಿಯಿಂದ ಬಂದರು. ಅವರು ಬಂದ ಮೇಲೆಯೇ ಟೆಸ್ಟ್ ಡ್ರೈವ್ ಇಟ್ಟುಕೊಳ್ಳಿ ಎಂದು ನಾನೇ ಹೇಳಿದ್ದೆ. ಮಾರಾಟಗಾರರು ಎಂ3 ಟೂರಿಂಗನ್ನು ಒಂದು ಇಡೀ ದಿನಕ್ಕೆ ಕೊಟ್ಟರು.

ಬೆಳಗ್ಗೆ ನಾವಿಬ್ಬರೇ ಸಿಂಗನ್ ಕಡೆಗೆ ಎ81 ಹಿಡಿದೆವು. ಆ ಆಟೋಬಾನ್ ದಕ್ಷಿಣಕ್ಕೆ ಹೋದಂತೆ ಬಿಡುವಾಗುತ್ತದೆ, ಮಿತಿ ಇಲ್ಲದ ಭಾಗಗಳೂ ಉದ್ದವಾಗಿವೆ. 130 ಕಿಲೋಮೀಟರ್ ಬರೀ ಸಲಹೆಯ ವೇಗ. 220ರಲ್ಲಿ ಕಾರು ಹಾಸಿಗೆ ಹಾಸಿದಷ್ಟು ಸಮಾಧಾನವಾಗಿತ್ತು. ಗೆಳೆಯನ ಮುಖ ನೋಡಿ ನನಗೂ ಖುಷಿಯಾಯಿತು. ಇಪ್ಪತ್ತು ವರ್ಷದ ಹಿಂದಿನ ಆ ಹೆದ್ದಾರಿ ಅವನಿಗೆ ಮತ್ತೆ ಸಿಕ್ಕಿತ್ತು.

ಮಧ್ಯಾಹ್ನ ಎಲ್ಲರೂ ಹತ್ತಿದರು. ಮಗುವಿನ ಸೀಟು, ಅವ್ವ, ಊಟದ ಡಬ್ಬಿ, ಚಾಪೆ, ಜಾಕೆಟ್ಟು. ಎಲ್ಲ ಹಿಡಿಸಿತು. ಹಿಂಬಾಗಿಲ ಗಾಜು ಮಾತ್ರ ಬೇರೆಯಾಗಿ ತೆರೆಯುವುದರಿಂದ ಡಬ್ಬಿ ಇಡಲು ಇಡೀ ಬಾಗಿಲು ಎತ್ತಬೇಕಾಗಿರಲಿಲ್ಲ. ಅವ್ವ ಸಲೀಸಾಗಿ ಕೂತರು. ಬಾಡ್ ಉರಾಖ್ ದಾಟಿ ಶ್ವೇಬಿಷೆ ಆಲ್ಬ್ ಬೆಟ್ಟಸಾಲು ಹತ್ತಿದೆವು.

ತೊಂದರೆ ಶುರುವಾದದ್ದು ಅಲ್ಲಿ. ಕಾರಿನಲ್ಲಿ ಏನೂ ಕೊರತೆ ಇರಲಿಲ್ಲ. ಗೆಳೆಯ ತಿರುವುಗಳನ್ನು ಸ್ವಲ್ಪ ಬಿರುಸಾಗಿ ತೆಗೆದುಕೊಂಡ, ಕಾರಿಗೆ ಅದು ಲೆಕ್ಕಕ್ಕೇ ಇಲ್ಲದ ವೇಗ. ಐದನೇ ತಿರುವಿನ ಹೊತ್ತಿಗೆ ಮಗ ಬೆಳ್ಳಗಾದ. ಏಳನೆಯದಕ್ಕೆ ಕಾರು ನಿಲ್ಲಿಸಬೇಕಾಯಿತು, ಅವನು ತಿಂದದ್ದೆಲ್ಲ ಹೊರಗೆ ಬಂತು. ಅವ್ವ ಹಿಡಿ ಬಿಡದೆ ಕೂತಿದ್ದವರು ಕೆಳಗಿಳಿದು ಮೊಮ್ಮಗನ ಬೆನ್ನು ಸವರುತ್ತಾ, "ಏನ್ ಅವಸರ ಐತೋ ತಮ್ಮಾ? ಎಲ್ಲಿಗ್ ಹೊಂಟೀವಿ ನಾವು? ಸಾವಕಾಶ ನಡಿ" ಎಂದರು.

ವಾಪಸು ಬರುವಾಗ ಎ8ರಲ್ಲಿ 120ರ ಮೇಲೆ ಹೋಗಲಿಲ್ಲ. 510 ಪಿಎಸ್‌ನ ಕಾರು, ಹಿಂದಿನ ಸೀಟಿನಲ್ಲಿ ಮಲಗಿದ ಮಗು, ಎಡ ಲೇನಿನಲ್ಲಿ ನಮ್ಮನ್ನು ದಾಟಿ ಹೋಗುತ್ತಿದ್ದ ಡೀಸೆಲ್ ವ್ಯಾನುಗಳು. ಯಾರೂ ಮಾತಾಡಲಿಲ್ಲ. ನನಗೆ ಈ ಪ್ರಕರಣ ಸ್ಪಷ್ಟವಾದದ್ದು ಆ ನಲವತ್ತು ನಿಮಿಷದಲ್ಲಿ. ಎಂ3 ಟೂರಿಂಗ್‌ನಲ್ಲಿ ಎರಡು ಶಕ್ತಿಗಳಿವೆ: ಅಗಾಧ ವೇಗ ಮತ್ತು ಐದು ಜನರ ಜಾಗ. ಜಾಗ ತುಂಬಿದಾಗ ವೇಗ ಬಳಸುವಂತಿಲ್ಲ. ವೇಗ ಬಳಸುವಾಗ ಜಾಗ ಖಾಲಿ. ಎರಡಕ್ಕೂ ಸೇರಿಸಿ ಹಣ ಕೊಟ್ಟಿರುತ್ತೇವೆ, ಎರಡೂ ಒಟ್ಟಿಗೆ ಕೆಲಸಕ್ಕೆ ಬರುವ ಗಂಟೆಗಳು ಈ ಮನೆಯ ಪುಸ್ತಕದಲ್ಲಿ ಇರಲೇ ಇಲ್ಲ.

ಕೇಮನ್ ಜೊತೆ ವಾರಾಂತ್ಯ

ಮೇ ಮೊದಲ ವಾರ ಕೇಮನ್ ಜಿಟಿಎಸ್ ಬಾಡಿಗೆಗೆ ತಂದರು. ಶನಿವಾರ ನಾನು ಆಕೆಯ ಪಕ್ಕ ಕೂತು ಕಪ್ಪು ಅರಣ್ಯದ ಬಿ500 ರಸ್ತೆಗೆ ಹೋದೆ. ಬಾಡನ್-ಬಾಡನ್‌ನಿಂದ ಫ್ರಾಯ್ಡನ್‌ಸ್ಟಾಟ್‌ವರೆಗೆ ಬೆಟ್ಟದ ನೆತ್ತಿಯಲ್ಲೇ ಸಾಗುವ ಹಾದಿ, ಎರಡೂ ಕಡೆ ದಟ್ಟ ಮರ.

ಸ್ಟೀರಿಂಗ್ ಹಿಡಿದ ಎರಡನೇ ಕಿಲೋಮೀಟರಿಗೇ ಆಕೆ ಹಗುರಾದಳು. ಹಾಗೆ ಹೇಳಿದರೇ ಸರಿ. ಕಾರು ಮೂಗನ್ನು ತಿರುವಿನೊಳಗೆ ಇಡುವ ಬಗೆ, ಬೆನ್ನ ಹಿಂದೆ ಏರುವ ಎಂಜಿನ್ನಿನ ದನಿ, ಗೇರಿನ ಕಡ್ಡಿ ಕೈಗೆ ಕೊಡುವ ಉತ್ತರ. ಎಂ3ಯಲ್ಲಿ ನಾನು ಮೆಚ್ಚಿದ್ದು ಕಾರನ್ನು. ಇಲ್ಲಿ ಮೆಚ್ಚಿದ್ದು ಓಡಿಸುವವಳನ್ನು. ಆಕೆ ಇಷ್ಟು ಚೆನ್ನಾಗಿ ಓಡಿಸುತ್ತಾಳೆಂದು ನನಗೆ ತಿಳಿದಿರಲಿಲ್ಲ.

ಆದರೂ ಒಂದು ಗಂಟೆಯ ನಂತರ ಆಕೆಯೇ ಕಾರು ಬದಿಗೆ ನಿಲ್ಲಿಸಿ ಹೇಳಿದ ಮಾತು ನನಗೆ ನಾಟಿತು. "ಅಣ್ಣ, ಎರಡನೇ ಗೇರು ಮುಗಿಯೋದೇ ಇಲ್ಲ." ಸತ್ಯ. ಈ ಕಾರಿನ ಎರಡನೇ ಗೇರು 130 ದಾಟುವವರೆಗೆ ಎಳೆಯುತ್ತದೆ. ಊರ ಹೊರಗಿನ ರಸ್ತೆಗೆ ಇಲ್ಲಿನ ಮಿತಿ 100. ಬಿ500ರಲ್ಲಿ ಎಷ್ಟೋ ಕಡೆ ಅದಕ್ಕಿಂತಲೂ ಕಡಿಮೆ. ಅಂದರೆ 7,800 ಆರ್‌ಪಿಎಂವರೆಗೆ ಹಾಡುವ ಎಂಜಿನ್ ಇದ್ದೂ, ಕಾನೂನಿನ ಒಳಗೆ ಇದ್ದುಕೊಂಡು ಆ ಹಾಡಿನ ಕೊನೆಯ ಸಾಲು ಕೇಳಬೇಕಾದರೆ ಮೊದಲನೇ ಗೇರಿನಲ್ಲೇ ಕೇಳಬೇಕು. ಇಂದಿನ ಸ್ಪೋರ್ಟ್ಸ್ ಕಾರುಗಳೂ ರಸ್ತೆಯನ್ನು ಮೀರಿ ಬೆಳೆದಿವೆ. ವ್ಯಾಗನ್ನಿನದೇ ಕಾಯಿಲೆ, ಸ್ವಲ್ಪ ಕಡಿಮೆ ಪ್ರಮಾಣದಲ್ಲಿ.

ಭಾನುವಾರ ಅವ್ವನನ್ನು ಕೂರಿಸಲು ನೋಡಿದರು. ಕೂತದ್ದೇನೋ ಆಯಿತು. ಏಳಲು ಇಬ್ಬರು ಹಿಡಿಯಬೇಕಾಯಿತು. ಇದ್ದ ಒಂದೇ ಪಾರ್ಕಿಂಗ್ ಜಾಗದಲ್ಲಿ ಎರಡು ಸೀಟಿನ ಕಾರು ನಿಂತರೆ ಮಗುವನ್ನು, ಅವ್ವನನ್ನು ಯಾವುದರಲ್ಲಿ ಕರೆದೊಯ್ಯುವುದು ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಆದರೂ ಬಿಡಲು ಮನಸ್ಸಿಲ್ಲ, ಯಾಕೆಂದರೆ ಗಡುವೊಂದಿತ್ತು. ಹೊಸ ವಾಹನಗಳ ಸೈಬರ್ ಭದ್ರತೆಯ ನಿಯಮ ಆ ಜುಲೈಯಿಂದ ಯುರೋಪಿನಲ್ಲಿ ಎಲ್ಲ ಹೊಸ ಕಾರುಗಳಿಗೂ ಅನ್ವಯವಾಗುವುದಿತ್ತು. ಹಳೆಯ ಎಲೆಕ್ಟ್ರಾನಿಕ್ ವ್ಯವಸ್ಥೆಯ 718ರ ಸಾಮಾನ್ಯ ಮಾದರಿಗಳ ಮಾರಾಟ ಇಲ್ಲಿ ಅದರೊಂದಿಗೆ ನಿಲ್ಲುತ್ತಿತ್ತು. "ಈಗ ಬಿಟ್ರೆ ಮುಂದೆ ಹೊಸದು ಸಿಗಲ್ಲ" ಎಂಬ ಒತ್ತಡ ಮನೆಯಲ್ಲಿ ಮಾತು ಬಿಡುವವರೆಗೆ ಹೋಯಿತು. ಸಿಗದೆ ಹೋಗುತ್ತದೆ ಎಂಬ ಭಯಕ್ಕೆ ಕೊಂಡ ಕಾರು ಬಹಳ ದಿನ ಮನೆಯಲ್ಲಿ ಉಳಿದದ್ದನ್ನು ನಾನು ನೋಡಿಲ್ಲ. ಅದನ್ನು ಹೇಳಿದೆ. ಆಕೆ ಎರಡು ದಿನ ಫೋನ್ ಎತ್ತಲಿಲ್ಲ.

ಮೂರನೆಯ ದಾರಿ

ನಮ್ಮ ಪಕ್ಕದ ಮನೆಯ ನಿವೃತ್ತ ಶಿಕ್ಷಕಿಯ ಬಳಿ ಮಜ್ದಾ ಎಂಎಕ್ಸ್-5 ಇದೆ. ಎರಡು ಸೀಟು, ಬಟ್ಟೆಯ ಚಾವಣಿ, ಎರಡು ಲೀಟರಿನ ಎಂಜಿನ್, 184 ಪಿಎಸ್, ಒಂದು ಟನ್ನಿಗಿಂತ ಸ್ವಲ್ಪವೇ ಹೆಚ್ಚು ತೂಕ. ಒಂದು ಸಂಜೆ ಗೆಳೆಯನ ಹೆಂಡತಿಗಾಗಿ ಅದನ್ನು ಕೇಳಿ ಪಡೆದೆ. ಮನಸ್ಸಿಲ್ಲದ ಮನಸ್ಸಿನಿಂದ ಬಂದಳು. ಕೇಮನ್ ಓಡಿಸಿದವರಿಗೆ ಇದನ್ನು ತೋರಿಸುವುದು ಹಬ್ಬದೂಟ ಉಂಡವರಿಗೆ ಗಂಜಿ ಬಡಿಸಿದಂತೆ ಎಂಬ ಅಳುಕು ನನಗೂ ಇತ್ತು.

ಲೆಯೋನ್‌ಬರ್ಗ್ ಹಿಂದಿನ ಕಾಡಿನ ರಸ್ತೆಯಲ್ಲಿ ಒಂದೂವರೆ ಗಂಟೆ ಕಾಣೆಯಾದಳು. ಬಂದಾಗ ಚಾವಣಿ ತೆಗೆದಿತ್ತು, ಕೂದಲು ಕೆದರಿತ್ತು, ಕಣ್ಣಲ್ಲಿ ನೀರಿತ್ತು. ಗಾಳಿಗಿರಬೇಕು ಎಂದುಕೊಂಡೆ. "ಇದು ಅಪ್ಪನ ಕಾರು, ಅಣ್ಣ" ಎಂದಳು.

ಯಾಕೆಂದು ನನಗೆ ಲೆಕ್ಕದಲ್ಲಿ ಗೊತ್ತು. ಎಂಎಕ್ಸ್-5ರ ಎರಡನೇ ಗೇರು 7,500 ಆರ್‌ಪಿಎಂಗೆ ಮುಗಿಯುವುದು ನೂರರ ಆಸುಪಾಸಿನಲ್ಲಿ. ಹಳ್ಳಿ ರಸ್ತೆಯ ಮಿತಿಯೂ ಅಷ್ಟೇ. ಆದ್ದರಿಂದ ಎಂಜಿನ್ನಿನ ಪೂರ್ತಿ ಉಸಿರನ್ನು ಕಾನೂನು ಮುರಿಯದೆ ಕೇಳಬಹುದು. ಟೈರು 205 ಮಿಲಿಮೀಟರ್ ಅಗಲ, ಹಿಡಿತ ಮಿತವಾದದ್ದು. ಅದು ಸಡಿಲುವ ಮುನ್ಸೂಚನೆ ಸಾಧಾರಣ ವೇಗದಲ್ಲೇ ಕೈಗೆ ಬರುತ್ತದೆ. ವೇಗದ ಕಾರು ಕೊಳ್ಳುವವರು ಎಷ್ಟು ವೇಗ ಹೋಗುತ್ತದೆ ಎಂದು ಕೇಳುತ್ತಾರೆ. ಯಾವ ವೇಗದಲ್ಲಿ ಅದರ ಸುಖ ಶುರುವಾಗುತ್ತದೆ ಎಂಬುದನ್ನು ಕೇಳಬೇಕು. ಎಂ3ಯ ಸುಖ ನನ್ನ ಅನುಭವದಲ್ಲಿ 180ರ ಮೇಲೆ ಶುರುವಾಗುತ್ತದೆ, ಕೇಮನ್ ಜಿಟಿಎಸ್‌ನದು 110ರ ಹತ್ತಿರ, ಈ ಪುಟ್ಟ ಕಾರಿನದು 60ಕ್ಕೆ.

ಉಳಿದದ್ದು ಗಂಡನ ಹೆದ್ದಾರಿ. ಅವನಿಗೆ ನಾನು ಹೇಳಿದ್ದು ಆಕ್ಟೇವಿಯಾ ಕೊಂಬಿ (ವ್ಯಾಗನ್) ಆರ್‌ಎಸ್, ಅವನ ಹಳೆಯ ಕನಸಿನ ಈಗಿನ ತಲೆಮಾರು. 245 ಪಿಎಸ್, ಡಿಕ್ಕಿ 640 ಲೀಟರ್, ಅಂದರೆ ಎಂ3 ಟೂರಿಂಗ್‌ಗಿಂತ 140 ಹೆಚ್ಚು. ಆರು ಸಿಲಿಂಡರಿನ ಆ ನುಣುಪು ಇದರಲ್ಲಿ ಇಲ್ಲ, 220ರಲ್ಲಿ ಆ ಸಮಾಧಾನವೂ ಇಲ್ಲ. ಆದರೆ 150ರಿಂದ 170ರಲ್ಲಿ, ನಾಲ್ಕು ಜನ ಕೂತು, ಮೂರು ಗಂಟೆ ಹೋಗುವುದಕ್ಕೆ ಇದರಲ್ಲಿ ಏನೂ ಕಡಿಮೆ ಇಲ್ಲ. ಎರಡು ವರ್ಷ ಓಡಿದ ಒಂದು ಸಿಕ್ಕಿತು. ಎಂಎಕ್ಸ್-5 ಕೂಡ ಹಾಗೆಯೇ, ಮೂರು ವರ್ಷದ್ದು. ಎರಡೂ ಸೇರಿ 60 ಸಾವಿರ ಯೂರೋದ ಒಳಗೆ ಮುಗಿಯಿತು. ಎಂ3 ಟೂರಿಂಗ್‌ನ ಮೊದಲ ಬೆಲೆಯೇ, ಮೇಲಿನ ಸಲಕರಣೆ ಯಾವುದೂ ಇಲ್ಲದೆ, ಬಿಡುಗಡೆಯ ಹೊತ್ತಿಗೆ 97,800 ಯೂರೋ ಇತ್ತು.

ಜರ್ಮನಿಯಲ್ಲಿ ಇದನ್ನು ಸಾಧ್ಯ ಮಾಡುವ ಒಂದು ಅನುಕೂಲ ಇದೆ: ಋತುವಿನ ನಂಬರ್ ಪ್ಲೇಟು. ಫಲಕದ ಬಲತುದಿಯಲ್ಲಿ 04, ಅದರ ಕೆಳಗೆ 10 ಎಂದು ಬರೆದಿದ್ದರೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಆ ಕಾರು ರಸ್ತೆಗೆ ಇಳಿಯಬಹುದು. ತೆರಿಗೆಯೂ ವಿಮೆಯೂ ಆ ತಿಂಗಳುಗಳಿಗಷ್ಟೇ. ಉಳಿದ ತಿಂಗಳು ಅದನ್ನು ಸಾರ್ವಜನಿಕ ರಸ್ತೆಯ ಬದಿಯಲ್ಲೂ ನಿಲ್ಲಿಸುವಂತಿಲ್ಲ. ಹಾಗಾಗಿ ಎರಡು ಬೀದಿ ಆಚೆ ಒಂದು ಗ್ಯಾರೇಜು ಬಾಡಿಗೆಗೆ ಹಿಡಿದರು. ಎಂಎಕ್ಸ್-5ಕ್ಕೆ ಚಳಿಗಾಲದ ಟೈರಿನ ಖರ್ಚು ತಪ್ಪಿತು.

ಈ ತೀರ್ಮಾನ ಎಲ್ಲರಿಗೂ ಹೊಂದುವುದಿಲ್ಲ. ಅದೇ ವರ್ಷ ಮೈಸೂರಿನ ಇನ್ನೊಬ್ಬ ಗೆಳೆಯರಿಗೆ ಎಂ3 ಟೂರಿಂಗನ್ನೇ ತೆಗೆದುಕೊಳ್ಳಿ ಎಂದೆ. ಅವರು ವಾರಕ್ಕೆ ಎರಡು ಸಲ ಒಬ್ಬರೇ ಬೋಡನ್ ಸರೋವರದ ಕಡೆಗೆ ಎ81ರಲ್ಲಿ ಹೋಗಿ ಬರುತ್ತಾರೆ, ವಾರಾಂತ್ಯಕ್ಕೆ ಎರಡು ಮಕ್ಕಳು ಮತ್ತು ಸೈಕಲ್ಲು, ಸುತ್ತ ಎಲ್ಲೂ ಎರಡನೇ ಪಾರ್ಕಿಂಗ್ ಸಿಗುವುದಿಲ್ಲ. ಅವರ ಪುಸ್ತಕದಲ್ಲಿ ಆ ಎರಡು ಶಕ್ತಿಗಳು ಬೇರೆ ಬೇರೆ ದಿನವಾದರೂ ಪ್ರತಿ ವಾರವೂ ಕೆಲಸಕ್ಕೆ ಬರುತ್ತವೆ. ಮಕ್ಕಳು ಬೆಳೆದು ಮನೆ ಬಿಟ್ಟ ದಂಪತಿಯಾಗಿದ್ದರೆ ಕೇಮನ್‌ಗೆ ನಾನು ಅಡ್ಡ ಬರುತ್ತಿರಲಿಲ್ಲ. ಎರಡನೇ ಗೇರಿನ ಮಾತು ಬಿಟ್ಟರೆ ನಾನು ಕೂತ ಅತ್ಯುತ್ತಮ ಕಾರುಗಳಲ್ಲಿ ಅದೂ ಒಂದು.

ಆಮೇಲೆ

ಹದಿನೆಂಟು ತಿಂಗಳು ಕಳೆದ ಮೇಲೆ ಹಳೆಯ ಪುಸ್ತಕ ಮುಂದಿಟ್ಟುಕೊಂಡು ಮತ್ತೆ ಕೂತೆವು. ಗೆಳೆಯನಿಗೆ ಆರು ಸಿಲಿಂಡರಿನ ಕೊರಗು ಹೋಗಿಲ್ಲ. ಎ81ರಲ್ಲಿ ಎಂ3 ಟೂರಿಂಗ್ ದಾಟಿ ಹೋದರೆ ಈಗಲೂ ಅರ್ಧ ನಿಮಿಷ ಮಾತು ನಿಲ್ಲಿಸುತ್ತಾನೆ. ಅದನ್ನು ನಾನು ಚಿಕ್ಕದು ಮಾಡುವುದಿಲ್ಲ. ಅವನು ಬಿಟ್ಟುಕೊಟ್ಟದ್ದು ನಿಜವಾದದ್ದೇ. ಗ್ಯಾರೇಜಿನ ಬಾಡಿಗೆ ಪ್ರತಿ ತಿಂಗಳೂ ಹೋಗುತ್ತದೆ, ಕಾರು ಮಲಗಿದ ತಿಂಗಳಲ್ಲೂ.

ನಾನು ಮೊದಲೇ ಕಾಣದೆ ಹೋದದ್ದು ಇನ್ನೊಂದು. ಮೂರು ಜನರ ಮನೆಯಲ್ಲಿ ಎರಡು ಸೀಟಿನ ಕಾರು ಹೊರಟರೆ ಒಬ್ಬರು ಮನೆಯಲ್ಲಿ ಉಳಿಯುತ್ತಾರೆ. ಮಗನಿಗೆ ಅದರಲ್ಲೇ ಹೋಗಬೇಕು, ಮುಂದಿನ ಸೀಟಿನಲ್ಲಿ ಮಗುವಿನ ಸೀಟು ಇಡಲು ಕಾನೂನಿನ ಅಡ್ಡಿಯೂ ಇಲ್ಲ. ಹಾಗಾಗಿ ಬೇಸಿಗೆಯ ಭಾನುವಾರಗಳಲ್ಲಿ ತಾಯಿ ಮಗ ಹೊರಡುತ್ತಾರೆ, ಗಂಡ ಬಾಗಿಲಲ್ಲಿ ನಿಂತಿರುತ್ತಾನೆ. ಕೆಲವು ಸಲ ಆಕ್ಟೇವಿಯಾದಲ್ಲಿ ಹಿಂದೆಯೇ ಹೋಗುತ್ತಾನಂತೆ. ಇದನ್ನು ನಾನು ಮೊದಲೇ ಯೋಚಿಸಿ ಹೇಳಬೇಕಿತ್ತು. ಈಗ ಯಾರು ಕೇಳಿದರೂ ಇದನ್ನೇ ಮೊದಲು ಹೇಳುತ್ತೇನೆ.

2025ರ ಜೂನ್‌ನಲ್ಲಿ ಅವ್ವ ಮತ್ತೆ ಬಂದಿದ್ದರು. ಎಂಎಕ್ಸ್-5ರಲ್ಲಿ ಅವರು ಕೂರಲಾರರು ಎಂದೇ ಎಲ್ಲರೂ ತಿಳಿದಿದ್ದೆವು. ಆದರೆ ಚಾವಣಿ ತೆಗೆದಾಗ ತಲೆ ಬಗ್ಗಿಸುವ ಕೆಲಸವಿಲ್ಲ. ನೇರ ನಿಂತು, ಸೊಸೆಯ ಕೈ ಹಿಡಿದು, ಹಾಗೆಯೇ ಕೆಳಗೆ ಕೂತರು. ಸೆರಗು ತಲೆಗೆ ಹೊದ್ದು ಮಡಿಲಲ್ಲಿ ತರಕಾರಿ ಚೀಲ ಇಟ್ಟುಕೊಂಡರು. ಸೊಸೆ 50ರ ಮೇಲೆ ಹೋಗಲಿಲ್ಲವಂತೆ. ಮನೆಗೆ ಬಂದ ಮೇಲೆ ಮಗನಿಗೆ ಹೇಳಿದರು: "ನಮ್ಮ ಹುಬ್ಬಳ್ಳಿ ಟಾಂಗಾದಂಗ ಐತಿ ನೋಡೋ. ಗಾಳಿ ಬರತೈತಿ, ಮಂದಿ ಕಾಣತಾರ."

ಈ ವರ್ಷ ಫಲಕದ 04–10 ತೆಗೆಸಿ 03–11 ಮಾಡಿಸಲು ಆಕೆ ಅರ್ಜಿ ಹಾಕಿದ್ದಾಳೆ. ಅಂದರೆ ಒಂದು ಜೊತೆ ಚಳಿಗಾಲದ ಟೈರು ಬೇಕಾಗುತ್ತದೆ, ಯಾವುದು ಒಳ್ಳೆಯದು ಎಂದು ನಿನ್ನೆ ಫೋನ್ ಮಾಡಿದ್ದಳು.